ಬಿರುಕಿನ ತುದಿಯ ನೀರಾವಿ

ಗೋವಾದ ಬೋಗ್ಮಾಲೊ ರಸ್ತೆಯಲ್ಲಿ ನೌಕಾಪಡೆಯ ವಿಮಾನ ಸಂಗ್ರಹಾಲಯವಿದೆ, 1998ರಲ್ಲಿ ತೆರೆದದ್ದು. ಅಲ್ಲಿ ಬಯಲಲ್ಲೇ ನಿಂತಿರುವ ಸೂಪರ್ ಕಾನ್‌ಸ್ಟಲೇಷನ್ ಮೊದಲು ಏರ್ ಇಂಡಿಯಾದ್ದು, ಆಮೇಲೆ ವಾಯುಪಡೆಯದು, ಕೊನೆಗೆ ನೌಕಾಪಡೆಯದು. ಜನ ಅದರ ಮೂರು ಬಾಲಗಳನ್ನು ನೋಡಿ ಬೆರಗಾಗುತ್ತಾರೆ. ನನ್ನ ಕಣ್ಣು ಹೋಗುವುದು ರಿವೆಟ್ ಸಾಲಿನ ಮೇಲೆ. ರಿವೆಟ್ ಇದ್ದಲ್ಲಿ ಒಂದು ತೂತು; ಅಲ್ಯೂಮಿನಿಯಂ ದಣಿಯಲು ಶುರುವಾಗುವುದು ಹೆಚ್ಚಾಗಿ ಅಂಥ ತೂತಿನ ಅಂಚಿನಲ್ಲೇ.

ವಿಮಾನ ಏರಿದಾಗ ಒಳಗಿನ ಒತ್ತಡಕ್ಕೆ ಅದರ ಮೈ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ; ಇದು ಒಂದು ಸುತ್ತು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಈ ಉಬ್ಬು-ಕುಗ್ಗಿನಿಂದ. ಸಾಮಾನ್ಯ ಉಕ್ಕಿಗಾದರೆ ಇಂತಿಷ್ಟು ಭಾರದ ಕೆಳಗೆ ದಣಿವೇ ಇಲ್ಲವೆನ್ನುವ ಮಿತಿಯೊಂದುಂಟು. ಅಲ್ಯೂಮಿನಿಯಂಗೆ ಆ ಭಾಗ್ಯವಿಲ್ಲ. ಸಣ್ಣ ಎಳೆತವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಡೆದ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ಸುತ್ತಿಗೊಂದರಂತೆ ಬಿದ್ದ ಗೆರೆಗಳು ಕಾಣಿಸುತ್ತವೆ, ಒಂದಕ್ಕೊಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಆಚೀಚೆ ದೂರದಲ್ಲಿ.

ನನ್ನನ್ನು ಬಿಡದೆ ಕಾಡುವ ಸೋಜಿಗ ಬೇರೆ. ಅದೇ ಭಾರ, ಅಷ್ಟೇ ಸಲ. ಆದರೂ ನಿಧಾನವಾಗಿ ಎಳೆದು ಬಿಟ್ಟರೆ ಬಿರುಕು ಪ್ರತಿ ಸುತ್ತಿಗೂ ಹೆಚ್ಚು ಬೆಳೆಯಬಹುದು. ಅದನ್ನೇ ನಿರ್ವಾತದಲ್ಲಿ ಮಾಡಿ ನೋಡಿ, ನಿಧಾನಕ್ಕೂ ವೇಗಕ್ಕೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ! ಅಂದರೆ ಕಾಲದ ಪರಿವೆ ಲೋಹಕ್ಕಿಲ್ಲ, ಸುತ್ತಲಿನ ನೀರಾವಿಗಿದೆ. ಬಿರುಕು ಬಾಯಿ ತೆರೆದಾಗ ಹೊಸ ಲೋಹ ಬಯಲಾಗುತ್ತದೆ. ನೀರಾವಿ ಮುಟ್ಟಿ ಆ ಲೋಹ ಆಕ್ಸೈಡ್ ಆಗುವಾಗ ಜಲಜನಕ ಹೊರಬಿದ್ದು, ತುದಿಯ ಮುಂದಿನ ಲೋಹದೊಳಕ್ಕೆ ನುಸುಳಿ ಅದನ್ನು ಪೆಡಸು ಮಾಡುತ್ತದೆ. ನಿಧಾನವೆಂದರೆ ಆವಿಗೆ ಅಲ್ಲಿಯವರೆಗೆ ತಲುಪಲು ಸಿಕ್ಕ ಬಿಡುವು.

ಹಾಗಂತ ಗೋವಾದ ಮಳೆಗಾಲದ ಗಾಳಿಯೊಂದನ್ನೇ ದೂರುವಂತಿಲ್ಲ. ಈ ಕೆಲಸಕ್ಕೆ ಬೆಂಗಳೂರಿನ ಗಾಳಿಯಲ್ಲಿರುವ ತೇವವೇ ಧಾರಾಳ. ಕಡಲು ಮೇಲಿಂದ ಕೊಡುವುದು ಉಪ್ಪು. ಉಪ್ಪು ತಿಂದ ಕುಳಿಯೇ ಬಿರುಕಿಗೆ ಬೀಜ. 1988ರಲ್ಲಿ ಹವಾಯಿಯ ದ್ವೀಪಗಳ ನಡುವೆ 89,000ಕ್ಕೂ ಹೆಚ್ಚು ಸಲ ಹಾರಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ ಒಂದರ ಮಾಡು ಆಕಾಶದಲ್ಲೇ ಕಿತ್ತುಹೋಯಿತು. ಅಲ್ಲಿ ದಣಿವೂ ತುಕ್ಕೂ ಕೈಜೋಡಿಸಿದ್ದವು.

ಇನ್ನು ಬಿಸಿ, ತಂಪು. ಹತ್ತು ಕಿಲೋಮೀಟರ್ ಮೇಲೆ ಮೈನಸ್ 50 ಡಿಗ್ರಿ. ಗಾಳಿಯಲ್ಲಿ ಆವಿಯೇ ಇಲ್ಲವೆನ್ನಬಹುದು, ಬಿರುಕು ಅಲ್ಲಿ ಸಾಮಾನ್ಯವಾಗಿ ಮಂದಗತಿಯದು. ಕಾಂಕಾರ್ಡ್‌ನ ಕತೆ ಇದಕ್ಕೆ ತಿರುಗುಮುರುಗು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವಾಗ ಆ ವಿಮಾನದ ಮೂಗಿನ ತುದಿ 127 ಡಿಗ್ರಿಯವರೆಗೆ ಕಾಯುತ್ತಿತ್ತು. ಅಷ್ಟು ಬಿಸಿಯಲ್ಲಿ ಗಂಟೆಗಟ್ಟಲೆ ಭಾರ ಹೊತ್ತ ಅಲ್ಯೂಮಿನಿಯಂ ಮೆಲ್ಲಗೆ ಹಿಗ್ಗತೊಡಗುತ್ತದೆ. ಕಾಲದ ಅರಿವು ಈಗ ಲೋಹಕ್ಕೇ ಬಂತು.

ಈ ಕಾಲವನ್ನು ಪ್ರಯೋಗಾಲಯದಲ್ಲಿ ಹೇಗೆ ಹಿಡಿಯುವುದು? ನೂರು ಕೋಟಿ ಸುತ್ತುಗಳನ್ನು ಸೆಕೆಂಡಿಗೆ 50ರಂತೆ ಮುಗಿಸಲು 231 ದಿನ ಬೇಕು. ಶ್ರವಣಾತೀತ ಯಂತ್ರ ಸೆಕೆಂಡಿಗೆ 20,000ದಂತೆ ಅದನ್ನು 14 ಗಂಟೆಯೊಳಗೆ ಮುಗಿಸುತ್ತದೆ. ಆದರೆ ಆ ಧಾವಂತದಲ್ಲಿ ನೀರಾವಿ ಬಿರುಕಿನ ತುದಿ ಸೇರುವಷ್ಟರಲ್ಲಿ ಬಾಯಿ ಮುಚ್ಚಿರುತ್ತದೆ, ತುಂಡು ಇದ್ದುದಕ್ಕಿಂತ ಗಟ್ಟಿಯೆಂದು ತೋರುತ್ತದೆ. ಹಾಗಾಗಿ ಆ 14 ಗಂಟೆಯ ಅಂಕಿಯನ್ನು ತಿಳಿದವರು ನೇರವಾಗಿ ರೆಕ್ಕೆಗೆ ಹಚ್ಚುವುದಿಲ್ಲ.