ಸೆಕೆಂಡ್ ಹ್ಯಾಂಡ್ ಎಂಜಿನ್ನಿನ ಋಣ

ಹಳೆಯ ವಸ್ತುವನ್ನು ಕೊಂಡವನ ಮೇಲೆ ಇಬ್ಬರ ಋಣ ಇರುತ್ತದೆ. ಅದನ್ನು ಮಾರಿದವರದು ಒಂದು, ಮುಂದೆ ತನ್ನಿಂದ ಕೊಳ್ಳುವವರದು ಇನ್ನೊಂದು. ಅಂಗಡಿಯಲ್ಲಿ ಹೊಸದನ್ನು ಕೊಂಡಾಗ ದುಡ್ಡು ಕೊಟ್ಟ ಕ್ಷಣವೇ ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುತ್ತೇವೆ. ಹಳೆಯದರಲ್ಲಿ ಅಷ್ಟು ಸುಲಭವಾಗಿ ಚುಕ್ತಾ ಆಗುವುದಿಲ್ಲ. ಈ ಯೋಚನೆಗೆ ನನ್ನನ್ನು ಹಚ್ಚಿದ್ದು ಅಂಗೈಯಲ್ಲಿ ಹಿಡಿಸುವ ಮಾದರಿ ರೈಲು ಎಂಜಿನ್‌ಗಳು.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ವಾರಾಂತ್ಯಗಳಲ್ಲಿ ಶಾಲೆಯ ಹಾಲ್‌ಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ ಹಳೆಯ ಆಟಿಕೆಗಳ ಸಂತೆ ನಡೆಯುತ್ತದೆ. ಅಲ್ಲಿ ಹೆಚ್ಚಾಗಿ ಸಿಗುವುದು ‘ಡಬಲ್ ಓ’ ಅಳತೆಯ ಎಂಜಿನ್‌ಗಳು: ನಿಜವಾದ ಎಂಜಿನ್ನಿನ 76ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಟ್ರೈ-ಆಂಗ್, ಹಾರ್ನ್‌ಬಿ ಡಬ್ಲೋ ಇಲ್ಲಿನ ಹಿರಿಯ ತಲೆಮಾರು ಆಡಿ ಬೆಳೆದ ಹೆಸರುಗಳು. ಡಬ್ಲೋ ಬಂದದ್ದು 1938ರಲ್ಲಿ. 1964ರಲ್ಲಿ ಟ್ರೈ-ಆಂಗ್‌ನ ಒಡೆಯರು ಹಾರ್ನ್‌ಬಿಯ ಕಂಪನಿಯನ್ನೇ ಕೊಂಡರು. ಆ ಮಕ್ಕಳು ಮುದುಕರಾಗಿ ತೀರಿಕೊಂಡ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಗಳು ಈ ಸಂತೆಗೆ ಇಳಿದು ಬರುತ್ತವೆ.

ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಗಂಡನ ಸಂಗ್ರಹವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಯಾವುದನ್ನು ತೆಗೆದುಕೊಂಡರೂ ಒಂದೇ ದರ. ಸವೆದ ಟ್ರೈ-ಆಂಗ್ ಎಂಜಿನ್‌ಗಳ ನಡುವೆ, ಮೂಲ ಪೆಟ್ಟಿಗೆಯಲ್ಲೇ ಇದ್ದ ಡಬ್ಲೋ ಎಂಜಿನ್ ಒಂದಿತ್ತು. ಅದರ ಬೆಲೆ ಉಳಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಅವರಿಗೆ ಅದು ತಿಳಿದಿರಲಿಲ್ಲ, ನನಗೆ ತಿಳಿದಿತ್ತು.

ರೋಮಿನ ಸಿಸೆರೊ ತನ್ನ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಇಂಥದೇ ಒಂದು ಸಂದರ್ಭವನ್ನು ಚರ್ಚಿಸುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಧಾನ್ಯದ ಹಡಗಿನೊಂದಿಗೆ ಒಬ್ಬ ವ್ಯಾಪಾರಿ ಬಂದು ಇಳಿಯುತ್ತಾನೆ. ಹಿಂದೆಯೇ ಇನ್ನೂ ಹಡಗುಗಳು ಬರುತ್ತಿವೆ ಎಂಬುದು ಅವನಿಗಷ್ಟೇ ಗೊತ್ತು. ಅದನ್ನು ಹೇಳಬೇಕೆ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೆ? ಕಾನೂನು ಕೇಳಿದಷ್ಟನ್ನು ಹೇಳಿದರೆ ಸಾಕು ಎನ್ನುತ್ತಾನೆ ಡಯೋಜಿನಿಸ್ ಎಂಬ ಸ್ಟೋಯಿಕ್. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಎನ್ನುತ್ತಾನೆ ಅವನ ಶಿಷ್ಯ ಆಂಟಿಪೇಟರ್. ನನ್ನ ಸಂದರ್ಭದಲ್ಲಿ ತಕ್ಕಡಿ ಅದಲು ಬದಲಾಗಿತ್ತು: ತಿಳಿವಳಿಕೆ ಇದ್ದದ್ದು ಕೊಳ್ಳುವವನ ಕಡೆ.

‘ಇದು ಬೇರೆಯವುಗಳಂತಲ್ಲ, ಬೆಲೆ ಹೆಚ್ಚು’ ಎಂದೆ. ಅವರು ನನ್ನ ಮುಖ ನೋಡಿ, ‘ಹಾಗಾದರೆ ನೀವೇ ಹೇಳಿ, ಎಷ್ಟು ಕೊಡುತ್ತೀರಿ?’ ಎಂದರು. ನಿಜವನ್ನು ಹೇಳಿದ ಮಾತ್ರಕ್ಕೆ ಭಾರ ಇಳಿಯುವುದಿಲ್ಲ ಎಂದು ಆಗ ತಿಳಿಯಿತು. ತಿಳಿದವನ ಬಾಯಿಂದಲೇ ತಿಳಿಯದವರು ಬೆಲೆ ಕೇಳಿದಾಗ ಅವನು ಗಿರಾಕಿಯಾಗಿ ಉಳಿಯುವುದಿಲ್ಲ. ಅವರ ಪರವಾಗಿಯೂ ಯೋಚಿಸಬೇಕಾಗುತ್ತದೆ. ಇನ್ನಿಬ್ಬರು ವ್ಯಾಪಾರಿಗಳನ್ನು ಕೇಳಿ ನೋಡಿ ಎಂದು ಹೇಳಿ, ನನಗೆ ಬೇಕಿದ್ದ ಟ್ರೈ-ಆಂಗ್ ಎಂಜಿನ್ನನ್ನು ಅವರ ದರಕ್ಕೇ ಕೊಂಡೆ. ನನ್ನಿಂದಾದ ಮಟ್ಟಿಗೆ ಹಿಂದಿನ ಋಣ ಅಲ್ಲಿಗೆ ತೀರಿತು.

ಮುಂದಿನ ಋಣ ಶುರುವಾಗುವುದು ಸ್ಕ್ರೂಡ್ರೈವರ್ ಹಿಡಿದಾಗ. ನಾನು ಕೊಂಡದ್ದು ‘ಜಿಂಟಿ’ ಎಂಬ ಆರು ಚಕ್ರದ ಶಂಟಿಂಗ್ ಎಂಜಿನ್. ಗಟ್ಟಿಯಾದ ಗ್ರೀಸ್ ತೊಳೆದು, ಚಕ್ರಗಳ ಕಪ್ಪನ್ನು ಉಜ್ಜಿ, ಹೊಸ ಕಾರ್ಬನ್ ಬ್ರಷ್ ಹಾಕಿದರೆ ಅದು ರಿಪೇರಿ. ಶಕ್ತಿ ಕುಂದಿದ ಅಯಸ್ಕಾಂತ ತೆಗೆದು ನಿಯೋಡೈಮಿಯಂ ಅಯಸ್ಕಾಂತ ಕೂರಿಸಿದರೆ ಅದು ಸುಧಾರಣೆ. ಡಿಸಿಸಿ ಡಿಕೋಡರ್ ಹಾಕುವುದು ಇನ್ನೂ ಒಂದು ಹೆಜ್ಜೆ ಮುಂದಿನದು. ಹಳೆಯ ಪದ್ಧತಿಯಲ್ಲಿ ಹಳಿಗೆ ವೋಲ್ಟೇಜ್ ಕೊಟ್ಟರೆ ಅದರ ಮೇಲಿರುವ ಎಂಜಿನ್‌ಗಳೆಲ್ಲ ಒಟ್ಟಿಗೇ ಹೊರಡುತ್ತವೆ. 1990ರ ದಶಕದಲ್ಲಿ ಬಳಕೆಗೆ ಬಂದ ಡಿಸಿಸಿಯಲ್ಲಿ ಹಳಿಯೊಳಗೆ ವಿದ್ಯುತ್ತಿನ ಜೊತೆ ಆಜ್ಞೆಯೂ ಹರಿಯುತ್ತದೆ, ಪ್ರತಿ ಎಂಜಿನ್ ತನ್ನ ನಂಬರ್ ಕರೆದಾಗ ಮಾತ್ರ ಓಡುತ್ತದೆ. ಹಳೆಯ ಜಿಂಟಿಯ ಮೋಟಾರಿನಲ್ಲಿ ಒಂದು ಬ್ರಷ್ಷಿನ ಸ್ಪ್ರಿಂಗ್ ಲೋಹದ ಚಾಸಿಗೇ ತಾಗಿರುತ್ತದೆ. ಅದಕ್ಕೊಂದು ಪ್ಲಾಸ್ಟಿಕ್ ಕೊಳವೆಯ ಚೂರು ತೊಡಿಸಿ ಬೇರ್ಪಡಿಸದಿದ್ದರೆ ಡಿಕೋಡರ್ ಸುಟ್ಟುಹೋದೀತು. ಆಮೇಲೆ ಕೆಂಪು, ಕಪ್ಪು ತಂತಿಗಳು ಹಳಿಯ ಕಡೆಗೆ, ಕಿತ್ತಳೆ, ಬೂದು ತಂತಿಗಳು ಮೋಟಾರಿಗೆ.

ಇಷ್ಟೆಲ್ಲ ಆದ ಮೇಲೆ ಅದು ಅದೇ ಎಂಜಿನ್ನೇ? ‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಗ್ರೀಕ್ ರಾಜನನ್ನು ಕೇಳುವುದೂ ಇದನ್ನೇ: ರಥವೆಂದರೆ ಚಕ್ರವೆ, ಅಚ್ಚೆ, ನೊಗವೆ? ಯಾವ ಬಿಡಿಭಾಗವೂ ರಥವಲ್ಲ. ಎಲ್ಲ ಸೇರಿದಾಗ ನಾವು ಕರೆಯುವ ಹೆಸರು ಅದು. ಇಲ್ಲಿನ ರೈಲ್ವೆ ವರ್ಕ್‌ಶಾಪುಗಳು ಈ ಮಾತನ್ನು ದಿನನಿತ್ಯ ಆಚರಿಸುತ್ತಿದ್ದವು. ಬಾಯ್ಲರ್ ರಿಪೇರಿಗೆ ಹೆಚ್ಚು ದಿನ ಹಿಡಿಯುತ್ತಿದ್ದರಿಂದ, ಸಿದ್ಧವಿದ್ದ ಬೇರೊಂದು ಬಾಯ್ಲರನ್ನು ಹೊಂದಿಸಿ ಎಂಜಿನ್ನನ್ನು ಹೊರಗೆ ಕಳುಹಿಸುತ್ತಿದ್ದರು. 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾದ ಪ್ರಸಿದ್ಧ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಕೂಡ ಹಲವು ಬಾಯ್ಲರ್‌ಗಳನ್ನು ಕಂಡಿದೆ. ಆದರೂ ಅದು ಫ್ಲೈಯಿಂಗ್ ಸ್ಕಾಟ್ಸ್‌ಮನ್ನೇ. ನಾಗಸೇನ ಹೇಳದ ಒಂದು ಸಂಗತಿ ಆ ವರ್ಕ್‌ಶಾಪುಗಳಲ್ಲಿತ್ತು: ಎಂಜಿನ್ನಿಗೊಂದು ಕಾರ್ಡು. ಯಾವಾಗ ರಿಪೇರಿಗೆ ಬಂತು, ಯಾವ ಬಾಯ್ಲರ್ ಹಾಕಿದರು ಎಂದು ಅದರಲ್ಲಿ ಬರೆದಿಡುತ್ತಿದ್ದರು.

ಬದಲಾವಣೆಯಲ್ಲಿ ಮೋಸವಿಲ್ಲ, ಅದನ್ನು ಮುಚ್ಚಿಡುವುದರಲ್ಲಿದೆ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಆದರೆ ಯಾರೂ ಮುಚ್ಚಿಡದೆಯೂ ಸುಳ್ಳು ಹುಟ್ಟುತ್ತದೆ. ಡಬ್ಲೋ ಎಂಜಿನ್‌ಗಳಿಗೆ ಹಳೆಯ ಮಾದರಿಯ ಹೊಸ ಪೆಟ್ಟಿಗೆಗಳನ್ನು ತಯಾರಿಸಿ, ಹೊಸದೆಂದೇ ಹೇಳಿ ಮಾರುವವರಿದ್ದಾರೆ. ಕೊಂಡವನಿಗೂ ಅದು ಗೊತ್ತು. ಅವನು ತೀರಿಕೊಂಡ ಮೇಲೆ ಮಗಳಿಗೆ ಗೊತ್ತಿಲ್ಲ, ಅವಳಿಂದ ಕೊಂಡವನಿಗೂ ಗೊತ್ತಿಲ್ಲ. ಮೂರನೆಯ ಕೈ ಸೇರುವಷ್ಟರಲ್ಲಿ ಅದು ‘ಮೂಲ ಪೆಟ್ಟಿಗೆ’. ಈ ದಾರಿಯಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ಹಾಗಾಗಿ ಕೇಳಿದರೆ ನಿಜ ಹೇಳುತ್ತೇನೆ ಎಂಬ ಪ್ರಾಮಾಣಿಕತೆ ಸಾಲದು. ಕೇಳುವ ಹೊತ್ತಿಗೆ ನಾವೇ ಇಲ್ಲದಿರಬಹುದು.

ಹೀಗೆಂದು ಹಳೆಯದನ್ನು ಮುಟ್ಟಲೇಬಾರದು ಎನ್ನುವ ಸಂಗ್ರಾಹಕರ ಪಕ್ಷ ನನ್ನದಲ್ಲ. ಓಡಲೆಂದು ಮಾಡಿದ್ದನ್ನು ಗಾಜಿನೊಳಗೆ ಕೂಡಿಹಾಕುವುದೂ ಒಂದು ಬಗೆಯ ಬದಲಾವಣೆಯೇ. ಆದರೆ ಡಿಕೋಡರಿಗೆ ಜಾಗ ಮಾಡಲು ಚಾಸಿಯನ್ನು ಗರಗಸದಿಂದ ಕೊಯ್ದರೆ ಅದನ್ನು ಮತ್ತೆ ಕೂಡಿಸಲಾಗದು. ಪ್ಲಾಸ್ಟಿಕ್ ಕೊಳವೆಯನ್ನು ಯಾವಾಗ ಬೇಕಾದರೂ ಕಳಚಬಹುದು. ಎರಡೂ ದಾರಿ ತೆರೆದಿರುವಾಗ ಕಳಚಬಹುದಾದದ್ದನ್ನು ಆರಿಸಿಕೊಳ್ಳುವುದು, ಇನ್ನೂ ಮುಖ ಕಾಣದ ಒಡೆಯನಿಗೂ ಒಂದು ಆಯ್ಕೆಯನ್ನು ಉಳಿಸಿದಂತೆ.

ನನ್ನ ಜಿಂಟಿಯ ಮೈಯೊಳಗೆ ಈಗೊಂದು ಸಣ್ಣ ಚೀಟಿ ಇದೆ: ತಾರೀಕು, ಏನು ತೆಗೆದೆ, ಏನು ಹಾಕಿದೆ. ತೆಗೆದ ಅಯಸ್ಕಾಂತ, ಸವೆದ ಬ್ರಷ್‌ಗಳು ಪೆಟ್ಟಿಗೆಯಲ್ಲಿ ಒಂದು ಪೊಟ್ಟಣದಲ್ಲಿವೆ. ಈ ಚೀಟಿಯಿಂದ ಅದರ ಬೆಲೆ ಕಡಿಮೆಯಾಗುವುದು ಖಂಡಿತ. ಅಷ್ಟನ್ನು ನಾನು ಸಾಲದ ಕಂತು ಎಂದುಕೊಂಡಿದ್ದೇನೆ. ಹಳೆಯ ಬೈಕು, ಹಳೆಯ ಮೊಬೈಲು, ಹಳೆಯ ಮನೆ, ಏನನ್ನು ಕೊಂಡರೂ ನಮ್ಮ ಕೈ ಎರಡನೆಯದು ಮಾತ್ರ, ಕೊನೆಯದಲ್ಲ.