ಮುಂದಾಳಿನ ಹೃದಯವೂ ನಡತೆಯೂ



ಸಭೆಗೆ ಹಿರಿಯರನ್ನು ಆರಿಸುವ ಸಮಯ ಬಂದಾಗ ನಾವು ಸಾಧಾರಣವಾಗಿ ಏನು ವಿಚಾರಿಸುತ್ತೇವೆ? ಅವನಿಗೆ ಓದುಬರಹ ಎಷ್ಟು ಬರುವದು? ನಾಲ್ಕು ಜನರ ಮುಂದೆ ನಿಂತು ಮಾತಾಡಬಲ್ಲನೋ? ಕಚೇರಿಯಲ್ಲಿ ಅಧಿಕಾರಿಗಳ ಎದುರಿಗೆ ಹೆದರದೆ ನಮ್ಮ ಕಾರ್ಯವನ್ನು ಸಾಧಿಸುವನೋ? ಈ ಪ್ರಶ್ನೆಗಳು ಕೆಟ್ಟವಲ್ಲ. ಆದರೆ ಇವೆಲ್ಲವುಗಳಿಗಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆಯುಂಟು. ಈ ಮನುಷ್ಯನ ಹೃದಯವು ಎಂಥದ್ದು? ಇದನ್ನು ನಾವು ಕಡೆಯಲ್ಲಿ ಕೇಳುತ್ತೇವೆ, ಇಲ್ಲವೆ ಕೇಳುವದೇ ಇಲ್ಲ.

ಪ್ರವಾದಿಯಾದ ಸಮುವೇಲನೂ ಈ ವಿಷಯದಲ್ಲಿ ಎಡವಿದನು. ಬೇತ್ಲೆಹೇಮಿನಲ್ಲಿ ಇಷಯನ ಹಿರಿಯ ಮಗನ ಎತ್ತರವನ್ನೂ ರೂಪವನ್ನೂ ಕಂಡಾಗ, ಅರಸನು ಇವನೇ ಎಂದು ತನ್ನೊಳಗೆ ನಿಶ್ಚಯಿಸಿಕೊಂಡನು. ದೇವರು ಅವನನ್ನು ತಡೆದನು. ಕಡೆಗೆ ಆರಿಸಲ್ಪಟ್ಟವನು, ಆ ದಿನ ಮನೆಗೆ ಕರೆಯುವದಕ್ಕೂ ಯಾರ ನೆನಪಿಗೂ ಬಾರದೆ, ಹೊರಗೆ ಕುರಿ ಕಾಯುತ್ತಿದ್ದ ಹುಡುಗನು. ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನೂ ತೆರೆದು ನೋಡಿರಿ. ಸಭಾಧ್ಯಕ್ಷನಲ್ಲಿ ಇರಬೇಕಾದ ಗುಣಗಳನ್ನು ಅಲ್ಲಿ ಒಂದೊಂದಾಗಿ ಹೇಳಿಯದೆ. ಬೋಧಿಸುವ ಸಾಮರ್ಥ್ಯವೆಂಬ ಒಂದನ್ನು ಬಿಟ್ಟರೆ ಮಿಕ್ಕವು ಹೆಚ್ಚುಕಡಿಮೆ ಎಲ್ಲವೂ ನಡತೆಗೆ ಸೇರಿದವುಗಳೇ: ಹಣದ ವಿಷಯ, ಕೋಪದ ವಿಷಯ, ಕುಡಿತದ ವಿಷಯ, ಮನೆವಾರ್ತೆಯ ವಿಷಯ, ಅತಿಥಿಗಳ ವಿಷಯ.

ಇದಕ್ಕೆ ಕೆಲವರು, ಹೃದಯವನ್ನು ದೇವರೊಬ್ಬನೇ ಬಲ್ಲನು, ನಾವು ಹೇಗೆ ನೋಡುವದು, ಎಂದು ಕೇಳಬಹುದು. ಈ ಮಾತು ನಿಜವೇ. ಇಸ್ಕರಿಯೋತ ಯೂದನು ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಸುವಾರ್ತೆ ಸಾರಿದನು, ಹಣದ ಚೀಲವನ್ನೂ ಹೊತ್ತನು. ಆದರೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕಿದ್ದವರಿಗೂ ಅವನ ಮನಸ್ಸು ತಿಳಿಯಲಿಲ್ಲ. ಆದಾಗ್ಯೂ ನಾವು ಕೇವಲ ಕುರುಡರಲ್ಲ. ಹೃದಯವು ಕಾಣದಿದ್ದರೂ ಅದರ ಫಲವು ಕಾಣುವದು. ಆ ಫಲವನ್ನು ಎಲ್ಲಿ ಹುಡುಕಬೇಕೆಂಬದೇ ಮುಖ್ಯವಾದದ್ದು. ಪ್ರಸಂಗಪೀಠದ ಮೇಲೆ ಹುಡುಕಬೇಡಿರಿ. ಯಾರಿಂದ ತನಗೆ ಯಾವ ಲಾಭವೂ ಇಲ್ಲವೋ ಅಂಥವರ ಸಂಗಡ ಅವನು ಹೇಗೆ ನಡೆದುಕೊಳ್ಳುತ್ತಾನೆಂಬದನ್ನು ನೋಡಿರಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಾಚಿಕೆಯಿಂದ ಕಲಿತೆನು. ಸೆಮಿನರಿಯಲ್ಲಿ ನನ್ನ ಪ್ರಸಂಗಗಳಿಗೆ ಮೆಚ್ಚಿಕೆಯಿತ್ತು. ಮೊದಲು ನನ್ನನ್ನು ಕಳುಹಿಸಿದ ಹಳ್ಳಿಯಲ್ಲಿ ಒಂದು ಆದಿತ್ಯವಾರ ಆರಾಧನೆ ಮುಗಿದ ಮೇಲೆ, ಕೂಲಿ ಮಾಡಿ ಬದುಕುತ್ತಿದ್ದ ಒಬ್ಬ ಮುದುಕಿಯು ಬಾಗಿಲ ಬಳಿ ಕಾದಿದ್ದು, “ಅಯ್ಯಾ, ವೃದ್ಧಾಪ್ಯ ವೇತನಕ್ಕೆ ಒಂದು ಅರ್ಜಿ ಬರೆದುಕೊಡಿ,” ಎಂದು ಕೇಳಿದಳು. ಒಬ್ಬ ಅನುಕೂಲಸ್ಥರ ಮನೆಯಲ್ಲಿ ನನಗೆ ಊಟ ಸಿದ್ಧವಾಗಿತ್ತು. “ನಾಳೆ ಬಾ, ಅವ್ವಾ,” ಎಂದು ಹೇಳಿ ಹೊರಟೆನು. ಮರುದಿನ ನಾನು ಬೇರೆ ಊರಿನಲ್ಲಿದ್ದೆನು. ಸಭೆಯ ಬೀಗದ ಕೈ ಇಟ್ಟುಕೊಂಡಿದ್ದ ಹಿರಿಯರೊಬ್ಬರಿಗೆ ಹೆಸರು ಬರೆಯುವದರ ಹೊರತು ಬೇರೆ ವಿದ್ಯೆಯಿರಲಿಲ್ಲ. ಅವರು ತಮ್ಮ ಒಂದು ದಿನದ ಕೆಲಸ ಬಿಟ್ಟು, ಆಕೆಯನ್ನು ನೆರೆಯೂರಿನ ಶಾಲೆಗೆ ಕರಕೊಂಡು ಹೋಗಿ ಅರ್ಜಿ ಬರೆಸಿಕೊಟ್ಟರು. ಮುಂದೆ ಆ ಹಳ್ಳಿಯಲ್ಲಿ ಅಣ್ಣತಮ್ಮಂದಿರು ಬದುವಿಗಾಗಿ ಜಗಳವಾಡಿದಾಗ ನ್ಯಾಯಕ್ಕೆ ಯಾರ ಬಳಿಗೆ ಹೋದರು? ನನ್ನ ಬಳಿಗಲ್ಲ; ಆ ಹಿರಿಯರ ಬಳಿಗೆ. ಜನರು ಒಂದು ಮಾತನ್ನೂ ಆಡದೆ ತಮ್ಮ ಮುಂದಾಳನ್ನು ಆರಿಸಿಕೊಂಡಿದ್ದರು.

ಈಗ ನಾನು ವಾಸವಾಗಿರುವ ಬೆಂಗಳೂರಿನ ಓಕಳಿಪುರಂ ರೈಲು ಹಳಿಗಳ ಪಕ್ಕದಲ್ಲಿರುವದು. ಹಗಲಿರುಳು ಗಾಡಿಗಳ ಸದ್ದು ಕೇಳಿಸುತ್ತದೆ. ಹಿಂದೆ ಕಲ್ಲಿದ್ದಲಿನ ಇಂಜಿನುಗಳು ಓಡುತ್ತಿದ್ದ ಕಾಲದಲ್ಲಿ ಸಿಳ್ಳು ಹಾಕುವದಕ್ಕೂ ಗಾಡಿ ಎಳೆಯುವದಕ್ಕೂ ಅದೇ ಹಬೆಯು ಬೇಕಾಗಿತ್ತು. ಸಿಳ್ಳನ್ನು ಊರೆಲ್ಲಾ ಕೇಳುವದು. ಎಳೆಯುವ ಹಬೆಯನ್ನು ಯಾರೂ ಕಾಣರು. ಬೆಂಕಿ ಆರಿದ ಇಂಜಿನಿಗೆ ಸ್ವಲ್ಪ ಹೊತ್ತು ಸಿಳ್ಳು ಹಾಕುವಷ್ಟು ಹಬೆ ಉಳಿದಿದ್ದರೂ ಇರಬಹುದು, ಆದರೆ ಬಂಡಿಗಳನ್ನು ಊರು ಮುಟ್ಟಿಸಲಾರದು. ಮಾತಿನ ವರವೂ ಹಾಗೆಯೇ.

ಹಾಗಾದರೆ ವಿದ್ಯೆಯು ಬೇಡವೋ? ಹಾಗೆ ಹೇಳಬಾರದು. ನಮ್ಮ ಕನ್ನಡ ನಾಡಿನಲ್ಲಿಯೇ ಒಂದು ದೃಷ್ಟಾಂತವುಂಟು. 1836ರಲ್ಲಿ ಈ ದೇಶಕ್ಕೆ ಬಂದ ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಮಹಾ ಪಂಡಿತರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅವರೇ. ಆದರೂ ಅವರು ಮಂಗಳೂರಿನಲ್ಲಿ ತಮ್ಮ ಶಿಷ್ಯರ ಸಂಗಡಲೇ ವಾಸಮಾಡಿದರು. ಅವರ ಬೋಧನೆಯನ್ನು ಕೇಳಿದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ಯುವಕರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಬಾಸೆಲಿನಲ್ಲಿ ವೇದಶಾಸ್ತ್ರ ಕಲಿತು, 1851ರಲ್ಲಿ ಅಭಿಷೇಕ ಹೊಂದಿ, ಹಿಂತಿರುಗಿ ಬಂದು ಮಂಗಳೂರಿನ ಸೆಮಿನರಿಯಲ್ಲಿ ಬೋಧಕರಾದರು. ಮುಂದೆ ಮೋಗ್ಲಿಂಗರು ಕೊಡಗಿಗೆ ಹೋದಾಗ, ಹೊಲೆಯರೆಂದು ಹೀನೈಸಲ್ಪಟ್ಟು ತಲೆತಲಾಂತರದಿಂದ ಯಜಮಾನರ ಭೂಮಿಗೆ ಜೀತಗಾರರಾಗಿದ್ದ ಕೆಲವು ಕುಟುಂಬಗಳು ವಾಕ್ಯವನ್ನು ಅಂಗೀಕರಿಸಿದವು. ಅವರಿಗೆ ಕಾಲೂರುವದಕ್ಕೆ ಸ್ವಂತ ನೆಲವಿರಲಿಲ್ಲ. ಆಗ ಕೌಂಡಿನ್ಯರು ತಮ್ಮ ಸ್ವಂತ ಸೊತ್ತನ್ನು ಇದಕ್ಕಾಗಿ ಕೊಟ್ಟರು. ಕಾಫಿ ತೋಟದೊಂದಿಗೆ ಅಲ್ಲಿ ನೆಲೆಗೊಂಡ ಊರು ಆನಂದರಾಯರ ಹೆಸರಿನಿಂದಲೇ ಆನಂದಪುರವೆನಿಸಿತು.

ಇದನ್ನು ಆಲೋಚಿಸಿರಿ. ಯಾರ ನೆರಳನ್ನೂ ಮುಟ್ಟಬಾರದೆಂದು ಬಾಲ್ಯದಲ್ಲಿ ಕಲಿತಿದ್ದರೋ, ಅವರಿಗಾಗಿಯೇ ಆ ಮನುಷ್ಯರು ತಮ್ಮ ಸೊತ್ತನ್ನು ವೆಚ್ಚಮಾಡಿದರು. ವಿದ್ಯೆಯು ಅವರನ್ನು ಬೋಧಕರನ್ನಾಗಿ ಮಾಡಿತು. ಹೃದಯವು ಅವರನ್ನು ಮುಂದಾಳನ್ನಾಗಿ ಮಾಡಿತು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಹೃದಯವೆಂದರೆ ಬರೀ ಮರುಕವಲ್ಲ. ಸಭೆಯ ಕಾಣಿಕೆಯ ಲೆಕ್ಕವನ್ನು ಬರೆಯದೆ ಬಿಟ್ಟು, ಎಲ್ಲರಿಗೂ ಸಿಹಿ ಮಾತಾಡುವವನನ್ನು ಒಳ್ಳೆಯ ಹೃದಯದವನೆಂದು ಹೊಗಳಬೇಡಿರಿ. ಕೆಡವದ ಮೊಸರಿನಿಂದ ಬೆಣ್ಣೆ ಬಾರದು. ದಿನದಿನದ ಅಭ್ಯಾಸವಿಲ್ಲದ ಸದ್ಭಾವವೂ ಶೀಲವಾಗದು. ಹೇಳಿದ ಹೊತ್ತಿಗೆ ಬರುವದು, ಸಾಲವನ್ನು ತೀರಿಸುವದು, ತಪ್ಪಾದರೆ ಚಿಕ್ಕವರ ಮುಂದೆಯೂ ಒಪ್ಪಿಕೊಳ್ಳುವದು, ಗುಟ್ಟನ್ನು ಕಾಯುವದು, ಇಂಥ ಸಣ್ಣ ಕಾರ್ಯಗಳಲ್ಲಿಯೇ ಹೃದಯವು ನಡತೆಯಾಗುವದು. ಮಾತನ್ನು ಒಂದು ವರುಷದಲ್ಲಿ ಕಲಿಯಬಹುದು. ನಡತೆಗೆ ಆಯುಷ್ಯವೇ ಬೇಕು.

ಆದಕಾರಣ ಪ್ರಿಯರೇ, ಮುಂದಿನ ಸಾರಿ ಆರಿಸುವಾಗ, ಸಭೆಯಲ್ಲಿ ಎಲ್ಲರಿಗಿಂತ ಬಡವಳಾದ ವಿಧವೆಯನ್ನು ಮೊದಲು ಕೇಳಿರಿ: “ಅವ್ವಾ, ನಿನಗೆ ಕಷ್ಟ ಬಂದಾಗ ಯಾರ ಬಾಗಿಲಿಗೆ ಹೋದೆ?” ಆಕೆ ಹೇಳುವ ಹೆಸರನ್ನು ಚೆನ್ನಾಗಿ ಆಲೋಚಿಸಿರಿ. ಈಗಾಗಲೇ ಮುಂದಾಳುಗಳಾಗಿರುವ ನಾವಾದರೋ, ಆಕೆಯ ಬಾಯಲ್ಲಿ ನಮ್ಮ ಹೆಸರು ಬರುವದೋ ಇಲ್ಲವೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಪಂಕ್ತಿಯಿಂದ ಎದ್ದು, ನಡುವಿಗೆ ವಸ್ತ್ರ ಕಟ್ಟಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದ ಕರ್ತನು ನಮಗೆ ಅಂಥ ಹೃದಯವನ್ನು ಅನುಗ್ರಹಿಸಲಿ.