ಚರ್ಮವೆಂಬ ಬದು

ಮನುಷ್ಯನಿಗೂ ಮನುಷ್ಯನಿಗೂ ನಡುವೆ ಇರುವುದು ಬರಿಯ ಚರ್ಮ, ಅದೊಂದನ್ನು ಸರಿಸಿದರೆ ಪರರ ಸ್ಪರ್ಶವೂ ನಮ್ಮದೇ ಆಗಿಬಿಡುತ್ತದೆ ಎಂಬ ಮಾತನ್ನು, ಪಟ್ಟಣದಲ್ಲಿ ಓದುತ್ತಿರುವ ನನ್ನ ತಮ್ಮನ ಮಗನು ಸಾವಳಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬಹಳ ಉತ್ಸಾಹದಿಂದ ಹೇಳಿದಾಗ ನನಗುಂಟಾದದ್ದು ಕಿರಿಕಿರಿ. ಮಾತು ಅವನ ಸ್ವಂತದ್ದಲ್ಲ. ಮೆದುಳಿನ ವಿಜ್ಞಾನದಲ್ಲಿ ಲೋಕವಿಖ್ಯಾತರಾದ ವಿ. ಎಸ್. ರಾಮಚಂದ್ರನ್ ಅವರು 2009ರ ಭಾಷಣವೊಂದರಲ್ಲಿ ಹೇಳಿದ್ದರ ಸಾರ. ಪರರ ಅನುಭವವನ್ನು ಪ್ರತಿಬಿಂಬಿಸುವ ನರಕೋಶಗಳಿಗೆ ಅವರು ಅಲ್ಲಿ ಗಾಂಧಿಯವರ ಹೆಸರನ್ನೇ ಇಟ್ಟಿದ್ದಾರೆ. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಎರಡು ತಲೆಮಾರು ಮಾತು ಬಿಟ್ಟಿರುವುದನ್ನು ಕಣ್ಣಾರೆ ಕಂಡ ಊರಿನವನಾದ ನನಗೆ, ಬದು ಇಷ್ಟು ಅಗ್ಗವಾಗಿ ಅಳಿಯುತ್ತದೆಂದರೆ ನಂಬುವುದು ಕಷ್ಟ. ಇಷ್ಟು ಅಗ್ಗವಾಗಿ ದೊರೆಯುವ ಕರುಣೆಯನ್ನು ನಂಬುವುದಂತೂ ಇನ್ನೂ ಕಷ್ಟ.

ದೇಹವು ನಾನಲ್ಲವೆನ್ನುವ ವೇದಾಂತಿಗಳೂ ದೇಹವೇ ನಾನೆನ್ನುವ ಚಾರ್ವಾಕರೂ ಈ ವಿಷಯದಲ್ಲಿ ನನಗೆ ನೆರವಾಗರು. ತನ್ನ ದೇಹ ಯಾವುದೆಂಬುದು ಪ್ರತಿಯೊಬ್ಬನಿಗೂ ಮೊದಲೇ ತಿಳಿದಿದೆಯೆಂದು ಹಿಡಿದುಕೊಂಡೇ ಇಬ್ಬರೂ ವಾದಕ್ಕಿಳಿದವರು. ಅವರಿಗೆ ದೂರದಿಂದಲೇ ಕೈಮುಗಿದು ಮುಂದೆ ಹೋಗುತ್ತೇನೆ.

ರಾಮಚಂದ್ರನ್ ಅವರ ವಾದವನ್ನು ಮೊದಲು ನ್ಯಾಯವಾಗಿ ಒಪ್ಪಿಸಬೇಕು. 1990ರ ದಶಕದ ಆರಂಭದಲ್ಲಿ ಇಟಲಿಯ ಪಾರ್ಮಾದಲ್ಲಿ ರಿಜ಼ೊಲಾಟಿ ಮತ್ತು ಸಂಗಡಿಗರು, ಮಂಗವು ತಾನೇ ಕೈಚಾಚಿ ತಿನಿಸನ್ನು ಎತ್ತಿಕೊಂಡಾಗಲೂ ಮತ್ತೊಬ್ಬನು ಎತ್ತಿಕೊಳ್ಳುವುದನ್ನು ಸುಮ್ಮನೆ ನೋಡಿದಾಗಲೂ ಮಿಡಿಯುವ ಕೋಶಗಳನ್ನು ಅದರ ಮೆದುಳಿನಲ್ಲಿ ಕಂಡರು. ರಾಮಚಂದ್ರನ್ ಇದನ್ನು ಸ್ಪರ್ಶಕ್ಕೂ ವಿಸ್ತರಿಸಿದರು. ಪರರನ್ನು ಮುಟ್ಟಿದ್ದನ್ನು ಕಂಡು ನನ್ನ ಕೋಶಗಳೂ ಮಿಡಿಯುವುದಾದರೆ ನನಗೇಕೆ ಮುಟ್ಟಿದಂತಾಗುವುದಿಲ್ಲ? ನನ್ನ ಚರ್ಮವು, ಇಲ್ಲಿ ಯಾರೂ ಮುಟ್ಟಿಲ್ಲವೆಂದು ಒಳಗಿನಿಂದ ಅಡ್ಡಸಾಕ್ಷಿ ನುಡಿಯುತ್ತದೆ, ಅದಕ್ಕೆ. ತೋಳಿಗೆ ಮರಗಟ್ಟಿಸುವ ಮದ್ದು ಕೊಟ್ಟು ಆ ಸಾಕ್ಷಿಯ ಬಾಯಿ ಕಟ್ಟಿದರೆ, ಅಥವಾ ತೋಳೇ ಕಡಿದುಹೋಗಿದ್ದರೆ, ಪರರ ಸ್ಪರ್ಶವು ನಮ್ಮಲ್ಲಿ ಪ್ರಕಟವಾಗುತ್ತದೆ. ಇಲ್ಲದ ಕೈಯ ನೋವಿನಿಂದ ನರಳುವವರಿಗೆ ಬರಿಯ ಕನ್ನಡಿಯೊಂದನ್ನು ನಿಲ್ಲಿಸಿ ಉಪಶಮನ ಕೊಟ್ಟ ಮಹಾಶಯರ ಮಾತು ಇದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ.

ಆದರೂ ತಳ್ಳಲು ನನ್ನ ಬಳಿ ಒಂದು ರಾತ್ರಿಯುಂಟು. ಬಾಲ್ಯದ ಬೇಸಿಗೆಗಳಲ್ಲಿ ನಾವು ಆರೇಳು ಹುಡುಗರು ಮಾಳಿಗೆಯ ಮೇಲೆ ಒಂದೇ ಜಮಖಾನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಒಮ್ಮೆ ನಡುರಾತ್ರಿ ಎಚ್ಚರವಾದಾಗ ನನ್ನ ಎದೆಯ ಮೇಲೆ ತಣ್ಣನೆಯ, ಭಾರವಾದ, ಯಾರದೋ ಕೈಯೊಂದು ಬಿದ್ದಿತ್ತು. ಮಗ್ಗುಲಲ್ಲಿದ್ದ ತಮ್ಮನದಿರಬೇಕೆಂದು ಬಗೆದು ಅದನ್ನೆತ್ತಿ ಅವನ ಕಡೆಗೆ ಎಸೆದೆ. ಎಸೆದ ಕೈಯ ಬೆನ್ನಿಗೇ ನನ್ನ ಭುಜವೂ ಹೊರಳಿತು. ತಲೆಯಡಿಗೆ ಸಿಕ್ಕಿ ಜೋಮು ಹಿಡಿದಿದ್ದ ನನ್ನ ಎಡಗೈಯೇ ಅದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್ ಅವರೂ ಇಂಥದನ್ನೇ ಗಮನಿಸಿದರು: ಸ್ಪರ್ಶಜ್ಞಾನ ಅಳಿದವರು ತಮ್ಮ ಕೈಗಳನ್ನು ತಮ್ಮ ಅಂಗವೆಂದು ಕಾಣದೆ, ತೋಳಿಗೆ ಸಿಕ್ಕಿಸಿದ ಉಪಕರಣಗಳಂತೆ ಕಾಣುತ್ತಿದ್ದರು. ಚರ್ಮವೇ ಬದುವಾಗಿದ್ದರೆ, ಬದು ಒಡೆದ ದಿನ ನೆರೆಯವನ ಹೊಲ ನಮ್ಮದಾಗಬೇಕಿತ್ತು. ಆದದ್ದಾದರೋ, ನಮ್ಮ ಹೊಲವೇ ನಮ್ಮ ಕೈಬಿಟ್ಟುಹೋದದ್ದು.

ಎದುರು ಪಕ್ಷದ ವಕೀಲನು ಇಲ್ಲಿ ಎದ್ದು ನಿಂತು, ಆ ಕತ್ತಲಲ್ಲಿ ನೀನು ಯಾರನ್ನು ಯಾರು ಮುಟ್ಟುವುದನ್ನು ನೋಡುತ್ತಿದ್ದೆ, ಕಾಣದ ಸ್ಪರ್ಶವು ನಿನ್ನಲ್ಲಿ ಪ್ರತಿಬಿಂಬಿಸುವುದಾದರೂ ಹೇಗೆ, ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದದ್ದೇ. ಆದ್ದರಿಂದ ಬೆಳಕಿನಲ್ಲಿ ನಡೆದ ಪರೀಕ್ಷೆಯೊಂದನ್ನು ಕರೆಯುತ್ತೇನೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಎಂಬಿಬ್ಬರು, ಕುಳಿತವನ ಸ್ವಂತ ಕೈಯನ್ನು ಮರೆಮಾಡಿ, ಅವನ ಕಣ್ಣೆದುರಿಗೆ ರಬ್ಬರಿನ ಕೈಯೊಂದನ್ನಿಟ್ಟು, ಎರಡನ್ನೂ ಏಕಕಾಲಕ್ಕೆ ಕುಂಚದಿಂದ ಸವರಿದರು. ಕೆಲವೇ ನಿಮಿಷಗಳಲ್ಲಿ ಅವನಿಗೆ ಸ್ಪರ್ಶವು ರಬ್ಬರಿನ ಕೈಯಲ್ಲೇ ಆಗುತ್ತಿರುವಂತೆ ತೋರತೊಡಗಿತು. ಇಲ್ಲಿ ಚರ್ಮವು ಸತ್ತಿಲ್ಲ, ಸಾಕ್ಷಿಯ ಬಾಯಿಯನ್ನು ಯಾರೂ ಕಟ್ಟಿಲ್ಲ. ಆದರೂ ಬದು ಸರಿಯಿತು. ಕುಂಚಗಳ ಲಯ ತಪ್ಪಿಸಿದರೆ ಭ್ರಮೆ ಮಸುಳುತ್ತದೆ.

ಹಾಗಾದರೆ ಬದುವನ್ನು ಹಾಕುವವರಾರು? ಹೊಂದಾಣಿಕೆಯನ್ನು ನೋಡುವ ಲೆಕ್ಕಿಗನೊಬ್ಬನು ಒಳಗೆ ಕುಳಿತಿದ್ದಾನೆಂದು ನನ್ನ ಪಕ್ಷ. ನಮ್ಮಜ್ಜಿ ಪಕ್ಕೆಗೆ ಬೆರಳಿಟ್ಟರೆ ನಾನು ನೆಲದ ಮೇಲೆ ಉರುಳಾಡುತ್ತಿದ್ದೆ. ಅದೇ ಪಕ್ಕೆಗೆ ನನ್ನ ಬೆರಳನ್ನೇ ಎಷ್ಟು ಜಾಣತನದಿಂದ ಇಟ್ಟುಕೊಂಡರೂ ನಗು ಬರುತ್ತಿರಲಿಲ್ಲ. ಕೈಗೆ ಆಜ್ಞೆ ಹೊರಟಾಗಲೇ ಅದರ ಫಲವೇನೆಂಬುದರ ಮುನ್ಸೂಚನೆಯೂ ಮೆದುಳಿನೊಳಗೆ ಹೊರಡುತ್ತದೆ, ಬಂದ ಸ್ಪರ್ಶವು ಅದಕ್ಕೆ ತಾಳೆಯಾದರೆ ಕಚಗುಳಿ ಕುಂದುತ್ತದೆ, ಈ ಕೆಲಸದಲ್ಲಿ ಕಿರುಮೆದುಳಿನ ಪಾತ್ರವಿದೆ ಎಂದು ಸಾರಾ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ತೋರಿಸಿದ್ದೂ ಅದೇ 1998ರಲ್ಲಿ. ತಾಳೆಯಾದದ್ದು ನನ್ನದು, ತಾಳೆಯಾಗದ್ದು ಅನ್ಯರದು. ಬನಹಟ್ಟಿಯ ಕುಣಿಮಗ್ಗದಲ್ಲಿ ಕುಳಿತ ನೇಕಾರನು ಲಾಳಿಯನ್ನು ನೋಡದೆಯೇ ಅದು ಎಲ್ಲಿದೆಯೆಂದು ಬಲ್ಲನಷ್ಟೆ. ವರ್ಷಾನುಗಟ್ಟಲೆ ತಾಳೆಯಾದ ಲೆಕ್ಕದಿಂದ ಲಾಳಿಯೂ ಅವನ ಮೈಯ ಖಾತೆಗೆ ಸೇರಿಹೋಗಿರಬೇಕು.

ಇಷ್ಟು ಬರೆದು ನಿಂತಾಗ, ನಾನು ನಿಂತ ನೆಲವನ್ನೇ ಅಗೆದುಕೊಂಡೆನೆಂಬುದು ಹೊಳೆಯಿತು. ಒಂದು ಕುಂಚಕ್ಕೆ ಸರಿಯುವ ಬದು ಚರ್ಮದ್ದಾದರೇನು, ಲೆಕ್ಕದ್ದಾದರೇನು? ಅದು ತೆಳುವೆಂಬ ರಾಮಚಂದ್ರನ್ ಅವರ ಮುಖ್ಯ ಮಾತು ಹಾಗೆಯೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಕಾಕಾನ ಸಾಕ್ಷ್ಯವನ್ನು ನಾನು ಇದುವರೆಗೆ ಬಚ್ಚಿಟ್ಟಿದ್ದೇನೆ. ಕಬ್ಬಿನ ಗಾಣದಲ್ಲಿ ಬಲಗೈ ಕಳೆದುಕೊಂಡ ಆತನು ಎಷ್ಟೋ ರಾತ್ರಿ ಎದ್ದು ಕುಳಿತು, "ತಮ್ಮಾ, ಮುಷ್ಟಿ ಬಿಚ್ಚವಲ್ದು ನೋಡು" ಎನ್ನುತ್ತಿದ್ದ; ಮುಷ್ಟಿ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಒಂದು ಸಂಜೆ ರವದಿ ಕೊಯ್ದು ಉರಿಯುತ್ತಿದ್ದ ನನ್ನ ಅಂಗೈಗೆ ನಾನು ಕೊಬ್ಬರಿಯೆಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಆತನು ಬಿಡದೆ ನೋಡುತ್ತಿದ್ದು, "ಹಂಗ ತಿಕ್ಕೋ, ಇನ್ನೊಂದೀಟು ತಿಕ್ಕೋ, ನನಗ ತಣ್ಣಗಾಗ್ತೈತಿ" ಎಂದನು. ನಾನು ನಕ್ಕೆ. ಆ ನಗುವಿಗೆ ಈಗ ನಾಚುತ್ತೇನೆ. ರಾಮಚಂದ್ರನ್ ಇದ್ದಿದ್ದರೆ ನಗದೆ ಬರೆದುಕೊಳ್ಳುತ್ತಿದ್ದರು.

ಸ್ಪರ್ಶದ ವಿಷಯದಲ್ಲಿ ಇಷ್ಟನ್ನು ಬಿಟ್ಟುಕೊಟ್ಟೆ. ಆದರೆ ಕರುಣೆಯ ವಿಷಯದಲ್ಲಿ? ಮಗುವಿನ ಬೆರಳು ಬಾಗಿಲಿಗೆ ಸಿಕ್ಕಿದರೆ ತಾಯಿಗೆ ಕರುಳು ಚುರ್ರೆನ್ನುತ್ತದೆಯೆಂದು ನಾವು ಹೇಳುತ್ತೇವೆ. ಬೆರಳು ಚುರ್ರೆಂದಿತೆಂದು ಹೇಳುವುದಿಲ್ಲ. 2004ರಲ್ಲಿ ಟಾನಿಯಾ ಸಿಂಗರ್ ಮತ್ತು ಸಂಗಡಿಗರು, ಸಂಗಾತಿಯ ಕೈಗೆ ನೋವಾಗುತ್ತಿರುವುದನ್ನು ಅರಿತ ಹೆಂಗಸರ ಮೆದುಳುಗಳನ್ನು ಪರೀಕ್ಷಿಸಿ, ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗಗಳು ಮಿಡಿದವೆಂದೂ, ನೋವು ಕೈಯ ಯಾವ ಜಾಗದಲ್ಲಿ ಎಂದು ಗುರುತಿಸುವ ಭಾಗವು ಹಾಗೆ ಮಿಡಿಯಲಿಲ್ಲವೆಂದೂ ಕಂಡರು. ಮರುವರ್ಷವೇ ಇಟಲಿಯಲ್ಲಿ ಅವೆನಾಂಟಿ ಎಂಬವರು, ಪರರ ಕೈಗೆ ಸೂಜಿ ಚುಚ್ಚುವುದನ್ನು ನೋಡಿದವನ ಕೈಯಲ್ಲಿ ಅದೇ ಸ್ನಾಯುವಿನ ಉದ್ದೀಪನ ಕುಗ್ಗುವುದನ್ನು ತೋರಿಸಿ ಲೆಕ್ಕವನ್ನು ಮತ್ತೆ ಕದಡಿದರೆಂಬುದೂ ನಿಜ. ಆದರೂ ಕನ್ನಡದ ಕರುಳು ಸುಳ್ಳು ಹೇಳಿರಲಾರದು: ಸಂಕಟವನ್ನು ಹಂಚಿಕೊಳ್ಳಬಹುದು, ಗಾಯವನ್ನು ಹಂಚಿಕೊಳ್ಳಲಾಗದು, ಹಂಚಿಕೊಳ್ಳಲಾಗದಿರುವುದೇ ಲೇಸು.

ಲೇಸೆಂದು ಏಕೆ ಹೇಳುತ್ತೇನೆಂದರೆ, ಕಾಕಾನ ಕೈ ಹೋದ ದಿನ ನಾನು ಅಲ್ಲಿದ್ದೆ. ನನಗೆ ಹತ್ತು ವರ್ಷ. ಕಬ್ಬನ್ನು ಒತ್ತಿಕೊಡುತ್ತಿದ್ದ ಕೈ ಕಬ್ಬಿನೊಂದಿಗೇ ಉರುಳೆಗಳ ನಡುವೆ ಸಾಗಿದಾಗ, ನಾನು ನನ್ನ ಬಲಮುಂಗೈಯನ್ನು ಎಡಗೈಯಿಂದ ಅವುಚಿಕೊಂಡು ಕಿರುಚುತ್ತ ಕುಸಿದೆ. ಗಾಂಧಿಯವರ ಕೋಶಗಳು ನನ್ನಲ್ಲಿ ಆ ಕ್ಷಣ ಪೂರ್ಣಶಕ್ತಿಯಿಂದ ಕೆಲಸ ಮಾಡಿರಬೇಕು, ಕಾಕಾನಿಗೆ ಮೂರುಕಾಸಿನ ಪ್ರಯೋಜನವಾಗಲಿಲ್ಲ. ಎಂಜಿನ್ನಿನ ಬಳಿ ಕುಳಿತಿದ್ದ ಆಳು ಮಾತ್ರ ಒಂದೂ ಶಬ್ದ ಮಾಡದೆ, ಕೈಗೆ ಸಿಕ್ಕ ಬಡಿಗೆಯಿಂದ ಪಟ್ಟಾ ಹಾರಿಸಿ ಗಾಣವನ್ನು ನಿಲ್ಲಿಸಿದನು. ಮೊಣಕೈಯಾದರೂ ಉಳಿದದ್ದು ಅವನಿಂದ. ಪರರ ನೋವನ್ನು ಪರರದೆಂದು ಬಲ್ಲವನೇ ಅದಕ್ಕೆ ಕೈಹಚ್ಚಬಲ್ಲನು, ತನ್ನದೆಂದು ಬಗೆದವನು ತನ್ನ ಕೈಯನ್ನೇ ಹಿಡಿದು ಕೂಡುವನು ಎಂಬುದು ಆ ದಿನದಿಂದ ನಾನು ಹೊತ್ತುಕೊಂಡು ಬಂದ ಸಿದ್ಧಾಂತ. ಪ್ರಬಂಧವನ್ನು ಅದರ ಮೇಲೆಯೇ ನಿಲ್ಲಿಸಬೇಕೆಂದು ಹೊರಟಿದ್ದೆ.

ನಿಲ್ಲಿಸುವ ಮೊದಲು, ಈಗ ಬಹಳ ವೃದ್ಧನಾಗಿರುವ ಆ ಎಂಜಿನ್ನಿನವನನ್ನು ಕಂಡು, ಅಂದು ನಿನಗೆ ಏನೂ ಅನ್ನಿಸಲಿಲ್ಲವೇ, ಅಷ್ಟು ಸಮಾಧಾನವಾಗಿ ಹೇಗೆ ಪಟ್ಟಾ ಹಾರಿಸಿದೆ, ಎಂದು ಕೇಳಿದೆ. ಅವನು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದನು. "ಸಮಾಧಾನ ಎಲ್ಲೀದ್ರಿ ಸಾವ್ಕಾರ್ರ, ನನ್ನ ಕೈನ ಗಾಣದಾಗ ಹೊಂಟಂಗಾತು. ತನ್ನ ಕೈ ಹೊಂಟಾಗ ಯಾವಾಂವರ ಸುಮ್ಮ ಕುಂದರ್ತಾನೇನ್ರಿ?" ಎಂದು ಹೇಳಿ, ಎಲೆಗೆ ಸುಣ್ಣ ಹಚ್ಚತೊಡಗಿದನು. ಒಂದೇ ಕಾಣ್ಕೆ ಒಬ್ಬನನ್ನು ಕುಸಿಯಿಸಿ ಇನ್ನೊಬ್ಬನನ್ನು ಎಬ್ಬಿಸಿತೆಂದ ಮೇಲೆ, ಆ ಅಂತರವು ಬದುವಿನಲ್ಲಿತ್ತೇ, ವಯಸ್ಸಿನಲ್ಲಿತ್ತೇ, ಅವನ ಕೈಗೆ ಬಡಿಗೆ ನಿಲುಕುವಷ್ಟು ದೂರದಲ್ಲಿದ್ದುದರಲ್ಲಿತ್ತೇ, ನಾನು ಅರಿಯೆ. ತಮ್ಮನ ಮಗನಿಗೆ ಮುಂದಿನ ರಜೆಯಲ್ಲಿ ಏನು ಹೇಳಬೇಕೆಂಬುದನ್ನಂತೂ ಇನ್ನೂ ನಿರ್ಧರಿಸಿಲ್ಲ.